ಮೂರು ಲೋಟ, ಒಂದು ಟಾರ್ಚ್

2024ರ ಜೂನ್ 14, ಶುಕ್ರವಾರ

ಸಂಜೆ ಮಗಳು ಪುಸ್ತಕ ಹಿಡಿದು ಬಂದಳು. "ಅಪ್ಪಾ, ಹಾಲು ಸಮರೂಪ ಮಿಶ್ರಣ ಅಲ್ವಾ? ಎಲ್ಲಾ ಕಡೆ ಒಂದೇ ಥರ ಇದೆಯಲ್ಲ." ಹೂಂ ಅನ್ನಲು ಹೊರಟವನು ತಡೆದುಕೊಂಡೆ. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ನೋಡುವುದೇ ಮೇಲು ಅನ್ನಿಸಿತು.

ಮೂರು ಗಾಜಿನ ಲೋಟಗಳಲ್ಲಿ ಸೋಸಿದ ನೀರು ತುಂಬಿಸಿದೆವು. ಒಂದಕ್ಕೆ ಎರಡು ಚಮಚ ಸಕ್ಕರೆ, ಇನ್ನೊಂದಕ್ಕೆ ನಾಲ್ಕೇ ಹನಿ ಹಾಲು, ಮೂರನೆಯದಕ್ಕೆ ಒಂದು ಚಿಟಿಕೆ ಮಣ್ಣು. ಚೆನ್ನಾಗಿ ಕಲಕಿ ದೀಪ ಆರಿಸಿದೆವು.

ಸಕ್ಕರೆ ನೀರಿಗೆ ಪಕ್ಕದಿಂದ ಟಾರ್ಚ್ ಹಿಡಿದರೆ ಬೆಳಕು ಸುಮ್ನೆ ದಾಟಿ ಹೋಯಿತು, ಒಳಗೆ ಏನೂ ಕಾಣಲಿಲ್ಲ. ಹಾಲಿನ ಲೋಟದಲ್ಲಿ ಮಾತ್ರ ಬೆಳಕಿನ ಪಟ್ಟೆ ಈ ತುದಿಯಿಂದ ಆ ತುದಿಯವರೆಗೆ ಎದ್ದು ಕಂಡಿತು, ತುಸು ನೀಲಿ ಛಾಯೆಯಲ್ಲಿ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಷ್ಟು ಸಲ ನೋಡಿದರೂ ನನಗೂ ಇದು ಹೊಸದೇ.

ಕಾರಣ ಕಣಗಳ ಗಾತ್ರ. ಸಕ್ಕರೆ ನೀರಿನಂಥ ದ್ರಾವಣದಲ್ಲಿ ಕಣಗಳು ಸುಮಾರು 1 ನ್ಯಾನೊಮೀಟರ್‌ ಅಥವಾ ಅದಕ್ಕಿಂತ ಚಿಕ್ಕವು (ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು), ಬೆಳಕನ್ನು ಚದುರಿಸುವಷ್ಟು ದೊಡ್ಡವಲ್ಲ. ಹಾಲಿನಲ್ಲಿ ಕೊಬ್ಬಿನ ಹನಿಗಳೂ ಪ್ರೋಟೀನಿನ ಗುಂಪುಗಳೂ ತೇಲುತ್ತಿರುತ್ತವೆ. ಕಣ್ಣಿಗೆ ಸಿಗದಷ್ಟು ಚಿಕ್ಕವು, ಆದರೂ ಬೆಳಕು ಅವಕ್ಕೆ ತಾಗಿ ಚದುರುತ್ತದೆ. ಅದನ್ನು ಟಿಂಡಾಲ್ ಪರಿಣಾಮ ಎನ್ನುತ್ತಾರೆ. ಹಾಗಾಗಿ ಹಾಲು ನೋಡಲು ಒಂದೇ ಥರ ಇದ್ದರೂ ಸಮರೂಪ ಮಿಶ್ರಣವಾದ ದ್ರಾವಣವಲ್ಲ, ಕಲಿಲ. ಇಂಗ್ಲಿಷಿನ 'ಕೊಲಾಯ್ಡ್' ಹೆಸರನ್ನು 1861ರಲ್ಲಿ ಥಾಮಸ್ ಗ್ರಹಾಂ ಕೊಟ್ಟದ್ದು, ಅಂಟು ಎಂಬರ್ಥದ ಗ್ರೀಕ್ ಪದದಿಂದ. ಕಲಿಲದ ಕಣಗಳು ಸುಮಾರು 1ರಿಂದ 1000 ನ್ಯಾನೊಮೀಟರ್‌. ಅದಕ್ಕೂ ದೊಡ್ಡವಾದರೆ ನಿಲಂಬನ, ಬಿಟ್ಟರೆ ತಳ ಸೇರುತ್ತದೆ.

"ಹಾಗಾದ್ರೆ ಸಕ್ಕರೆ ನೀರು ಬೇರೆ ವಸ್ತುವೇ ಆಗಿಹೋಯ್ತಾ?" ಇಲ್ಲ. ನೀರು ಆವಿಯಾಗಿ ಹೋದರೆ ಅದೇ ಸಕ್ಕರೆ ವಾಪಸ್ ಸಿಗುತ್ತದೆ. ಮಿಶ್ರಣ ಅಂದರೆ ಅದೇ: ಬೆರೆತರೂ ಯಾವುದೂ ತನ್ನ ಗುಣ ಬಿಟ್ಟಿರುವುದಿಲ್ಲ. ಧಾತುಗಳು ರಾಸಾಯನಿಕವಾಗಿ ಸೇರಿ ಆದ ಸಂಯುಕ್ತದಲ್ಲಿ ಹಾಗಲ್ಲ. ನೀರೊಳಗೆ ಹೈಡ್ರೋಜನ್ನೂ ಆಕ್ಸಿಜನ್ನೂ ಇವೆ, ಆದರೆ ಒಣಗಿಸಿಯೋ ಸೋಸಿಯೋ ಅವನ್ನು ಬಿಡಿಸಲಾಗದು.

ಮಲಗುವ ಮುಂಚೆ ಮಣ್ಣಿನ ಲೋಟ ನೋಡಿದೆವು. ತಳದಲ್ಲಿ ಕೆಸರು ಕೂತಿತ್ತು. ಮೇಲಿನ ನೀರು ಮಾತ್ರ ಇನ್ನೂ ಮಬ್ಬು. ಮಗಳೇ ಟಾರ್ಚ್ ಹಿಡಿದಳು. ಬೆಳಕಿನ ಪಟ್ಟೆ!

"ಅಪ್ಪಾ, ಇದರೊಳಗೂ ಕಲಿಲ ಇದೆ!"

ನಿಜ. ಮಣ್ಣಿನ ಅತಿ ಸಣ್ಣ ಕಣಗಳು ಅಲ್ಲೇ ತೇಲುತ್ತಿದ್ದವು. ಲೋಟ ಚೆಲ್ಲಬೇಡಿ ಎಂದು ಚೀಟಿ ಬರೆದು ಪಕ್ಕದಲ್ಲಿಟ್ಟು ಮಲಗಿದಳು.