ದೂರದರ್ಶಕ, ಎರಡನೇ ಸಲ: ಇನ್ನೂ ಗಾಜು ಮುಟ್ಟಿಲ್ಲ

ಏಪ್ರಿಲ್ 12, ಭಾನುವಾರ

ಆರು ಇಂಚು ಅಗಲದ ಕನ್ನಡಿಯ ದೂರದರ್ಶಕ ಮಾಡುವ ಎರಡನೇ ಪ್ರಯತ್ನ ಇವತ್ತಿನಿಂದ ಲೆಕ್ಕಕ್ಕೆ. ಬೆಳಕು ಒಟ್ಟು ಮಾಡುವ ಆ ಕನ್ನಡಿ ಕೊಳ್ಳುವುದಿಲ್ಲ. ದಪ್ಪ ಗಾಜಿನ ಬಿಲ್ಲೆ ತರಿಸಿ, ನಾನೇ ಉಜ್ಜಿ ತಗ್ಗು ಮಾಡಿ, ಹೊಳಪು ಕೊಡಬೇಕು. ಆದರೆ ಈ ತಿಂಗಳು ಗಾಜು ಮುಟ್ಟುವುದಿಲ್ಲ, ಮುಂದಿನ ತಿಂಗಳೂ ಇಲ್ಲ. ಈಗ ಬರೀ ಪ್ಲಾನು.

ಇದೇನು ಮದುವೆ ಮನೆಯಾ, ಆರು ತಿಂಗಳು ಮೊದಲೇ ಪಟ್ಟಿ ಹಾಕೋಕೆ ಅಂತ ಮನೆಯಲ್ಲಿ ಕೇಳಿದರು. ಹೋದ ಸಲದ ಕತೆ ಅವರಿಗೂ ಗೊತ್ತು, ಆದರೂ ಕೇಳುತ್ತಾರೆ.

ಹೋದ ಸಲ, ಅಂದರೆ 2024ರಲ್ಲಿ, ಗಾಜು ಬಂದ ದಿನ ಸಂಜೆಯೇ ಉಜ್ಜಲು ಕೂತಿದ್ದೆ. ಪ್ಲಾನು ಅಂತ ಇದ್ದದ್ದು ಕೊರಿಯರ್ ಕವರಿನ ಹಿಂದೆ ಬರೆದ ಒಂದೇ ಸಾಲು: "ಎರಡು ತಿಂಗಳು ಸಾಕು." ಕೆಲಸದ ಕ್ರಮ ಸರಳ. ಒಂದೇ ಅಳತೆಯ ಎರಡು ಬಿಲ್ಲೆ, ಒಂದು ಕೆಳಗೆ, ಒಂದು ಮೇಲೆ. ನಡುವೆ ಕಾರ್ಬೋರಂಡಂ ಎಂಬ ಗಾಜು ಸವೆಸುವ ಪುಡಿ ಮತ್ತು ನೀರು. ಮೇಲಿನದನ್ನು ಹಿಂದೆ ಮುಂದೆ ತಳ್ಳುತ್ತ, ಆಗಾಗ ತಿರುಗಿಸುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಮೊದಲು 80 ನಂಬರಿನ ದಪ್ಪ ಪುಡಿ, ಆಮೇಲೆ ಸಣ್ಣದಾಗುತ್ತ 120, 220, 320, 600. ಕೊನೆಗೆ ರಾಳದ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಹಾಕಿ ಹೊಳಪು.

ಆಗಸ್ಟ್ ಹೊತ್ತಿಗೆ 600ಕ್ಕೆ ಬಂದಿದ್ದೆ. ನಮ್ಮ ಸಾಗರದ ಕಡೆ ಆಗಸ್ಟ್ ಅಂದರೆ ಗೊತ್ತಲ್ವಾ, ಜಡಿಮಳೆ, ಚಳಿ. ಸ್ವೆಟರ್ ಹಾಕಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕೂತಿದ್ದೆ. ಆ ಹಂತದಲ್ಲಿ ಗಾಜಿನ ಸದ್ದು ಬಹಳ ಮೆತ್ತಗೆ, ಯಾರೋ ಪಕ್ಕದಲ್ಲಿ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಇದ್ದಕ್ಕಿದ್ದಂತೆ "ಕಿರ್" ಅಂತು. ಒಂದೇ ಸಲ. ಎತ್ತಿ, ತೊಳೆದು, ಬೆಳಕಿಗೆ ಹಿಡಿದೆ. ನಡುವಿನಿಂದ ಅಂಚಿನ ತನಕ ಚಂದ್ರನ ಕೊರೆಯಂಥ ಗೀರು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಸ್ವೆಟರಿನ ತೋಳಿನ ಅಂಚನ್ನು ಕಪ್ಪು ಕಾಗದದ ಮೇಲೆ ಕೊಡವಿದಾಗ ಮೂರು ನಾಲ್ಕು ಕಾಳು ಮಿನುಗಿದವು. ಜೂನ್ ತಿಂಗಳಲ್ಲಿ ಬಳಸಿದ್ದ 80 ನಂಬರಿನ ಪುಡಿ! ಎರಡು ತಿಂಗಳು ನನ್ನ ತೋಳಿನಲ್ಲೇ ಮನೆ ಮಾಡಿಕೊಂಡಿತ್ತು.

ವಾಪಸ್ 220ಕ್ಕೆ ಹೋದೆ. ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು. ಬಿಲ್ಲೆ ಅಟ್ಟ ಸೇರಿತು.

ಇವತ್ತು ಆ ಹಳೆಯ ನೋಟ್‌ಬುಕ್ ಇಳಿಸಿದೆ. ಅದೃಷ್ಟಕ್ಕೆ ಪ್ರತಿ ಸಲ ಕೂತ ಹೊತ್ತು ಬರೆದಿಟ್ಟಿದ್ದೆ. 80 ನಂಬರಿಗೆ ನಾಲ್ಕು ಗಂಟೆ ಅಂದುಕೊಂಡಿದ್ದು, ಹಿಡಿದದ್ದು ಹನ್ನೊಂದು. ನಡುವಿನ ಪುಡಿಗಳಿಗೆ ತಲಾ ಒಂದು ಗಂಟೆ ಅಂದುಕೊಂಡಿದ್ದೆ, ಎರಡೂವರೆ ಆಗಿದೆ. ತೊಳೆಯುವ ಕೆಲಸಕ್ಕೆ ಅಂದುಕೊಂಡದ್ದು ಏನೂ ಇಲ್ಲ. ಆ ಕಾಲಮ್ಮೇ ಇರಲಿಲ್ಲ. ಹೊಸ ಪ್ಲಾನಿನ ಮೊದಲ ನಿಯಮ ಅಲ್ಲೇ ಸಿಕ್ಕಿತು. ಪುಡಿ ಬದಲಾಯಿಸುವಾಗೆಲ್ಲ ನಡುವೆ ಒಂದು ಪೂರ್ತಿ ದಿನ ಖಾಲಿ. ಆವತ್ತು ಬಕೆಟ್, ಮೇಜು, ಬಟ್ಟೆ, ಉಗುರು ತೊಳೆಯುವುದು ಬಿಟ್ಟು ಬೇರೆ ಕೆಲಸ ಇಲ್ಲ. ಪ್ರತಿ ನಂಬರಿಗೂ ಬೇರೆ ಬಕೆಟ್, ಬೇರೆ ಟವೆಲ್. ಸ್ವೆಟರ್ ಬಂದ್, ಚಳಿಯಾದರೆ ತೋಳಿಲ್ಲದ ಬನಿಯನ್ ಮೇಲೆ ಇನ್ನೊಂದು ಬನಿಯನ್.

ಏಪ್ರಿಲ್ 19

ಪ್ಲಾನನ್ನು ಕೊನೆಯಿಂದ ಹಿಂದಕ್ಕೆ ಹಾಕಿದೆ. ಮೊದಲ ಸಲ ಆಕಾಶ ನೋಡುವ ರಾತ್ರಿ ಯಾವುದು? ಅದು ಗೊತ್ತಾದರೆ ಉಳಿದದ್ದು ತಾನಾಗಿ ಸಾಲು ನಿಲ್ಲುತ್ತದೆ.

ಅಮಾವಾಸ್ಯೆ ಬೇಕು, ಮೋಡ ಇರಬಾರದು. ದೀಪಾವಳಿ ಅಮಾವಾಸ್ಯೆ ನವೆಂಬರ್ 9ಕ್ಕೆ ಮುಗಿಯುತ್ತದೆ. ಪಟಾಕಿ ಹೊಗೆ, ಇನ್ನೂ ಹೋಗದ ಮೋಡ, ನೆಂಟರು. ಬೇಡ. ಅದರ ಮುಂದಿನದು ಡಿಸೆಂಬರ್ 9ಕ್ಕೆ. ಆಗ ಎಂಟು, ಒಂಬತ್ತು ಗಂಟೆಗೆಲ್ಲ ಪೂರ್ವದಲ್ಲಿ ಮಹಾವ್ಯಾಧ ಎದ್ದಿರುತ್ತಾನೆ. ಅವನ ಸೊಂಟಪಟ್ಟಿಯ ಕೆಳಗೆ ಕತ್ತಿಯ ಜಾಗದಲ್ಲಿ ಒಂದು ಮಸುಕು ಚುಕ್ಕೆ ಕಾಣುತ್ತದಲ್ಲ, ಅದೇ ಓರಿಯನ್ ನೀಹಾರಿಕೆ. ನನ್ನ ಕನ್ನಡಿ ಮೊದಲು ನೋಡಬೇಕಾದದ್ದು ಅದನ್ನು. ಶನಿಯೂ ಆಗ ಸಂಜೆಗೇ ಮೇಲಿರುತ್ತಾನೆ. ಗುರು ತಡರಾತ್ರಿ ಹುಟ್ಟುತ್ತಾನೆ. ಅವನ ಸರದಿ ಫೆಬ್ರವರಿಗೆ.

ಈಗ ಹಿಂದಕ್ಕೆ ಎಣಿಸಬೇಕು. ಮೊದಲು ಲ್ಯಾಪ್‌ಟಾಪಿನಲ್ಲಿ ಬಣ್ಣದ ಪಟ್ಟಿಗಳ ಚಾರ್ಟ್ ಮಾಡಿದೆ. ಚೆನ್ನಾಗಿತ್ತು, ಆದರೆ ನಮ್ಮ ಮನೆ ವಾರದ ಲೆಕ್ಕದಲ್ಲಿ ನಡೆಯುವುದೇ ಇಲ್ಲ. ಇಲ್ಲಿ ಎಲ್ಲರೂ ಮಾತಾಡುವುದು ಮಳೆ ನಕ್ಷತ್ರದಲ್ಲಿ. ಔಷಧಿ ಹೊಡೆಯುವುದು ಯಾವ ಮಳೆಗೆ, ಸಸಿ ನೆಡುವುದು ಯಾವ ಮಳೆಗೆ, ಹೀಗೆ. ಸೂರ್ಯ 27 ನಕ್ಷತ್ರ ಸುತ್ತಲು ಒಂದು ವರ್ಷ, ಅಂದರೆ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಕೆಲಸ ಹಂಚಲು ಇದಕ್ಕಿಂತ ಒಳ್ಳೆಯ ಅಳತೆ ಸಿಗಲ್ಲ. ವಾರ ಅಂದರೆ ಸಣ್ಣದಾಯಿತು, ತಿಂಗಳು ಅಂದರೆ ಸೋಮಾರಿತನಕ್ಕೆ ಜಾಗ ಜಾಸ್ತಿ. ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಕ್ಯಾಲೆಂಡರ್‌ಗೆ ಪೆನ್ಸಿಲ್ ಹಿಡಿದೆ.

ಜೂನ್ 8ರ ಸುಮಾರಿಗೆ ಮೃಗಶಿರ ಶುರು. ಅಲ್ಲಿಂದ ಆರಿದ್ರಾ ಮುಗಿಯುವ ತನಕ ಎರಡು ಪುಡಿ, ಮೊದಲು 80 ನಂಬರ್, ಆಮೇಲೆ 120. ಈ ದಪ್ಪ ಕೆಲಸಕ್ಕೆ ಗುರಿ ಒಂದೇ, ನಡುವಿನ ತಗ್ಗು ಸುಮಾರು 1.2 ಮಿಲಿಮೀಟರ್ ಆಗಬೇಕು. ಆರು ಇಂಚಿನ ಬಿಲ್ಲೆಗೆ 1,200 ಮಿಲಿಮೀಟರ್ ನಾಭಿದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದು ಬಿಂದುವಿಗೆ ಸೇರುವ ಜಾಗದ ತನಕದ ದೂರ, ಬೇಕಾದರೆ ಅಷ್ಟು ತಗ್ಗು. ಅಳೆಯಲು ದೊಡ್ಡ ಉಪಕರಣ ಬೇಡ. ಬಿಲ್ಲೆಯ ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು, ನಡುವೆ 1.2 ಮಿಲಿಮೀಟರಿನ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿದರೆ, ಬಿಗಿಯಾಗಿ ತೂರಿದಾಗ ನಿಲ್ಲಿಸಬೇಕು.

ಜುಲೈ 6ಕ್ಕೆ ಪುನರ್ವಸು. ಆ ಮಳೆಯ ಮೇಲೆ "ಅರ್ಧ" ಅಂತ ಬರೆದಿದ್ದೇನೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದು ಮೊದಲ ಸುತ್ತು ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಲೆಕ್ಕ ಹಾಕಿದರೆ ಸರಿಯಾಗಿ ಅಲ್ಲಿಗೇ ಬರುತ್ತದೆ. ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಆ ಎರಡು ಗಂಟೆ ತೋಟದ್ದು, ನನ್ನದಲ್ಲ. ಕೊಳೆರೋಗ ಬಂದ ಮೇಲೆ ನೀಹಾರಿಕೆ ತೋರಿಸಿದರೆ ಯಾರು ಕೇಳುತ್ತಾರೆ? ಅಲ್ಲದೆ ಸುಣ್ಣ, ಮೈಲುತುತ್ತದ ಡ್ರಮ್ಮುಗಳು ಇರುವುದೂ ಅದೇ ಕೊಟ್ಟಿಗೆಯಲ್ಲಿ. ಆ ಹದಿನೈದು ದಿನ ಗಾಜು ಒಳಗೇ ಇರಲಿ.

ಪುಷ್ಯಕ್ಕೆ ಸಣ್ಣ ಪುಡಿಗಳು. ಆಶ್ಲೇಷಕ್ಕೆ ರಾಳ. ಇದನ್ನು ಈಗಲೇ ಮಾಡಿಟ್ಟರೆ ಆಗುತ್ತಲ್ಲ ಅಂತ ಅನ್ನಿಸಿತ್ತು, ಆಗಲ್ಲ. ರಾಳದ ಗಡಸುತನ ಹವೆಗೆ ತಕ್ಕಂತೆ ಬದಲಾಗುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ನಿಧಾನಕ್ಕೆ ಗುರುತು ಬೀಳಬೇಕು. ತಕ್ಷಣ ಇಳಿದರೆ ಮೆತ್ತಗಾಯಿತು, ಚಟಕ್ಕನೆ ಸಿಡಿದರೆ ಗಟ್ಟಿ. ಹರಳೆಣ್ಣೆ ಹನಿ ಹನಿ ಸೇರಿಸಿ ಹದ ಮಾಡುವುದು. ಮೇ ತಿಂಗಳ ಸೆಕೆಯಲ್ಲಿ ಹದ ಮಾಡಿದ ರಾಳ ಆಗಸ್ಟಿನ ಚಳಿಗೆ ಕಲ್ಲಾಗುತ್ತದೆ.

ಮಘಾ ಪೂರ್ತಿ ಹೊಳಪು. ಹುಬ್ಬ, ಉತ್ತರಾ ಎರಡೂ ಪರೀಕ್ಷೆಗೆ, ತಿದ್ದುವುದಕ್ಕೆ. ನಡುವೆ ಸೆಪ್ಟೆಂಬರ್ 14ಕ್ಕೆ ಗಣೇಶನ ಹಬ್ಬ, ನಾಲ್ಕು ದಿನ ಹೋಯಿತು ಅಂತಲೇ ಇಟ್ಟುಕೊಂಡಿದ್ದೇನೆ.

ಆಮೇಲೆ ಬರುವುದು ನನ್ನ ಕೈಯಲ್ಲಿ ಇಲ್ಲದ ಕೆಲಸ. ಕನ್ನಡಿಗೆ ಅಲ್ಯೂಮಿನಿಯಂ ಲೇಪ ಹಾಕಿಸಬೇಕು. ಅದು ನಿರ್ವಾತದಲ್ಲಿ ಆಗುವ ಕೆಲಸ, ಮನೆಯಲ್ಲಿ ಆಗಲ್ಲ. ಹೊರಗೆ ಕಳಿಸಬೇಕು, ಸರದಿ ಕಾಯಬೇಕು. ಈ ಸಲ ದಸರಾ ಅಕ್ಟೋಬರ್ 11ರಿಂದ 20ರ ತನಕ. ಅದರ ಮುಂಚೆ ಅವರ ಕೈ ಸೇರದಿದ್ದರೆ ದೀಪಾವಳಿ ಆದ ಮೇಲೇ ಸೈ. ಹಾಗಾಗಿ ಇಡೀ ಕ್ಯಾಲೆಂಡರಿನಲ್ಲಿ ಪೆನ್ನಿನಲ್ಲಿ ಬರೆದ ದಿನ ಒಂದೇ, ಸೆಪ್ಟೆಂಬರ್ 28, ಹಸ್ತಾ ಮಳೆ ಶುರುವಾಗುವ ಹೊತ್ತು. ಅವತ್ತು ಕನ್ನಡಿ ಹೇಗಿದ್ದರೂ ಪ್ಯಾಕ್ ಆಗಿ ಹೊರಡಬೇಕು.

ಎಫ್/8, ಅಂದರೆ ಕನ್ನಡಿಯ ಅಗಲದ ಎಂಟು ಪಟ್ಟು ನಾಭಿದೂರ, ಆಯ್ಕೆ ಮಾಡಿದ್ದೂ ಇದಕ್ಕೇ. ಆರು ಇಂಚಿಗೆ ಅಷ್ಟು ಉದ್ದದ ನಾಭಿದೂರ ಇದ್ದರೆ ಗೋಳದ ಆಕಾರವನ್ನು, ಬೆಳಕನ್ನೆಲ್ಲ ಒಂದೇ ಬಿಂದುವಿಗೆ ತರುವ ಪ್ಯಾರಾಬೋಲಾಕ್ಕೆ ಪೂರ್ತಿ ತಿದ್ದಲಾಗದಿದ್ದರೂ ಸುಮಾರಾಗಿ ಕೆಲಸ ನಡೆಯುತ್ತದೆ. ದೊಡ್ಡದು, ಗಿಡ್ಡದು ಮಾಡುವ ಆಸೆ ಇತ್ತು. ಎಂಟು ಇಂಚು, ಎಫ್/5! ತಿದ್ದುವ ಕೆಲಸ ಎಷ್ಟು ಮಳೆ ತಿನ್ನುತ್ತದೋ ಅಂತ ನೆನೆದು ಬಿಟ್ಟೆ.

ಏಪ್ರಿಲ್ 26

ಒಂದು ವಾರ ಬರೀ ಒಂದು ಪ್ರಶ್ನೆಗೆ ಹೋಯಿತು. ಮರದ ಕೆಲಸ ಮೊದಲೋ, ಗಾಜಿನ ಕೆಲಸ ಮೊದಲೋ?

ನಿಯಮದ ಪ್ರಕಾರ ಗಾಜು ಮೊದಲು. ನಿಜವಾದ ನಾಭಿದೂರ ಉಜ್ಜಿ ಮುಗಿದ ಮೇಲೇ ಗೊತ್ತಾಗುವುದು. 1,200 ಅಂದುಕೊಂಡದ್ದು 1,170 ಆಗಬಹುದು, 1,240 ಆಗಬಹುದು. ಕೊಳವೆಯ ಉದ್ದ, ಅದು ತೂಗುವ ಬಿಂದು, ಅದನ್ನು ಹೊರುವ ಪೆಟ್ಟಿಗೆಯ ಎತ್ತರ, ಎಲ್ಲ ಅದರ ಮೇಲೆ ನಿಂತಿದೆ. ಆದರೆ ಗಾಜು ಮುಗಿಯುವುದು ಸೆಪ್ಟೆಂಬರ್‌ಗೆ. ಆ ಹೊತ್ತಿಗೆ ನಮ್ಮ ಮನೆಯ ಬಾಗಿಲುಗಳೇ ಉಬ್ಬಿ ಮುಚ್ಚುವುದಿಲ್ಲ. ಆಗ ಪ್ಲೈವುಡ್ ಕೊಯ್ದು ಕೂಡಿಸಿದರೆ ಡಿಸೆಂಬರ್‌ಗೆ ಎಲ್ಲ ಕೀಲೂ ಸಡಿಲ. ವಾರ್ನಿಷ್ ಅಂತೂ ಒಣಗುವುದೇ ಇಲ್ಲ.

ಕೊನೆಗೆ ಕೆಲಸವನ್ನೇ ಸೀಳಿದೆ. ನಾಭಿದೂರಕ್ಕೆ ಸಂಬಂಧ ಇಲ್ಲದ ಮರದ ಕೆಲಸ ಎಲ್ಲ ಮೇ ತಿಂಗಳಲ್ಲೇ. ತಳದ ಹಲಗೆ, ತಿರುಗುವ ತಟ್ಟೆ, ಕನ್ನಡಿ ಕೂರುವ ಬಟ್ಟಲು. ಪೆಟ್ಟಿಗೆಯ ಪಕ್ಕದ ಹಲಗೆಗಳನ್ನು ಮೂರು ಇಂಚು ಎತ್ತರವಾಗಿಯೇ ಕೊಯ್ದು, ಎರಡು ಕೋಟ್ ವಾರ್ನಿಷ್ ಹೊಡೆದು ಅಟ್ಟಕ್ಕೆ. ಅಕ್ಟೋಬರ್ ಕೊನೆಗೆ ಸ್ವಾತಿ ಮಳೆಯಲ್ಲಿ ಕನ್ನಡಿ ಕೈಗೆ ಬಂದಾಗ ಮೇಲಿನಿಂದ ಬೇಕಾದಷ್ಟು ಕತ್ತರಿಸುವುದು. ಕೊಳವೆ ಕೂಡ ಹಾಗೆಯೇ, ಉದ್ದ ಇಟ್ಟು ಕೊನೆಗೆ ಕೊಯ್ಯುವುದು. ಬೋರ್‌ವೆಲ್ ತೆಗೆಸಿದವರ ಮನೆಯಲ್ಲಿ ಉಳಿದ ಎಂಟು ಇಂಚಿನ ಪೈಪಿನ ತುಂಡು ಸಿಕ್ಕಿದೆ. ತೂಕ ಜಾಸ್ತಿ, ಬೆಲೆ ಎರಡು ಬಾಳೆಗೊನೆ.

ಪೆಟ್ಟಿಗೆ ಡಾಬ್ಸನ್ ಮಾದರಿಯದು, ತಟ್ಟೆಯ ಮೇಲೆ ತಿರುಗುವ ಸರಳ ಮರದ ಪೆಟ್ಟಿಗೆ. ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಸಿಕ್ಕಿದ ಗಾಜು, ಸಿಕ್ಕಿದ ಮರದಲ್ಲಿ ದೂರದರ್ಶಕ ಮಾಡಿ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಅವರು ಹೀಗೆ ಕ್ಯಾಲೆಂಡರ್ ಹಾಕಿಕೊಂಡು ಕೂತಿದ್ದರು ಅಂತ ನನಗೆ ಅನ್ನಿಸಲ್ಲ. ಆದರೆ ಅವರಿಗೆ ಮಲೆನಾಡಿನ ಮಳೆಯೂ ಇರಲಿಲ್ಲ, ಅಡಿಕೆ ತೋಟವೂ ಇರಲಿಲ್ಲ.

ಮೇ 3

ಪರೀಕ್ಷೆಯ ಜಾಗ ಗೊತ್ತು ಮಾಡಿದೆ. ಹೊಳಪು ಬಂದ ಕನ್ನಡಿಯ ಆಕಾರ ನೋಡಲು ಫುಕೋ ಎಂಬ ಫ್ರೆಂಚ್ ವಿಜ್ಞಾನಿ 1858ರ ಸುಮಾರಿಗೆ ಕಂಡುಹಿಡಿದ ಉಪಾಯವೇ ಈಗಲೂ. ಭೂಮಿ ತಿರುಗುವುದನ್ನು ಲೋಲಕದಿಂದ ತೋರಿಸಿದವನೂ ಇವನೇ. ಸೂಜಿ ತೂತಿನಷ್ಟು ಬೆಳಕು, ಒಂದು ಬ್ಲೇಡಿನ ಅಂಚು, ಎರಡೂ ಕನ್ನಡಿಯಿಂದ 2.4 ಮೀಟರ್ ದೂರದಲ್ಲಿ. ಬ್ಲೇಡು ಅಡ್ಡ ಬಂದಾಗ ಕನ್ನಡಿಯ ಮೇಲೆ ಬೀಳುವ ನೆರಳಿನಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಉಬ್ಬು ತಗ್ಗೂ ಗುಡ್ಡ ಕಣಿವೆಯ ಹಾಗೆ ಕಾಣುತ್ತದೆ. ಆದರೆ ಗಾಳಿ ಅಲುಗಬಾರದು. ಅಂಗೈ ಹಿಡಿದರೆ ಸಾಕು, ಅದರ ಬಿಸಿಗೇ ನೆರಳು ಕುದಿಯುತ್ತದೆ.

ಜಗಲಿ ಉದ್ದ ಇದೆ, ಗಾಳಿ ಜಾಸ್ತಿ. ಅಟ್ಟದಲ್ಲಿ ಹೆಂಚಿನ ಕಾವು. ನಡುಮನೆ ಸರಿ, ಆದರೆ ಪಕ್ಕದಲ್ಲೇ ಬಚ್ಚಲ ಒಲೆ. ಬೆಳಿಗ್ಗೆ ಆರಕ್ಕೆ ಬೆಂಕಿ ಹಾಕುತ್ತಾರೆ, ಗೋಡೆ ಬಿಸಿಯಾಗುತ್ತದೆ. ಹಾಗಾಗಿ ಹುಬ್ಬ, ಉತ್ತರಾ ಮಳೆಗಳಲ್ಲಿ ನನ್ನ ಪರೀಕ್ಷೆ ನಾಲ್ಕೂವರೆಯಿಂದ ಆರರ ತನಕ. ಮನೆಯವರ ಒಪ್ಪಿಗೆ ಸಿಕ್ಕಿದೆ. ಷರತ್ತು ಒಂದು: ಬ್ಲೇಡು ಎಲ್ಲೂ ಬಿದ್ದಿರಬಾರದು.

ಇನ್ನೊಂದು ತಾಪತ್ರಯ. ಗೋಡೆಯ ಕ್ಯಾಲೆಂಡರ್ ನನ್ನೊಬ್ಬನದಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ, ಎಲ್ಲ ಅದೇ ಚೌಕಗಳಲ್ಲಿ. ಜೂನ್ 14ರಂದು ನನ್ನ "80 ಮುಗಿಯಬೇಕು" ಪಕ್ಕದಲ್ಲೇ ಅಮ್ಮ "ಗೃಹಪ್ರವೇಶ, ಎಲ್ಲರೂ" ಅಂತ ಬರೆದಿದ್ದಾರೆ. ಅವರದು ಪೆನ್ನು, ನನ್ನದು ಪೆನ್ಸಿಲ್.

ಸಂಜೆ ಗಾಜಿನ ಅಂಗಡಿಯವರ ಫೋನು. ಮೇ 20ಕ್ಕೆ ಕೊಡುತ್ತೇವೆ ಅಂದಿದ್ದ ಬಿಲ್ಲೆ ಜೂನ್ ಮೂರನೇ ವಾರಕ್ಕಂತೆ. 25 ಮಿಲಿಮೀಟರ್ ದಪ್ಪದ್ದು ಸ್ಟಾಕ್ ಇಲ್ಲ, 19 ಆದರೆ ನಾಳೆಯೇ ಕಳಿಸಬಹುದು. ಹೋದ ಸಲದ ನಾನಾದರೆ 19ಕ್ಕೇ ಹೂಂ ಅನ್ನುತ್ತಿದ್ದೆ. ಕ್ಯಾಲೆಂಡರ್ ನೋಡಿ ಹೇಳುತ್ತೇನೆ ಅಂದೆ. ತೆಳು ಗಾಜು ಸ್ವಂತ ಭಾರಕ್ಕೇ ಬಾಗುವ ಹೆದರಿಕೆ ಒಂದು. ಮೃಗಶಿರ ಪೂರ್ತಿ ಖಾಲಿ ಹೋದರೆ ಏನು ಎನ್ನುವುದು ಇನ್ನೊಂದು.

ಅರ್ಧ ಗಂಟೆ ಲೆಕ್ಕ ಹಾಕಿದೆ. ಅಟ್ಟದ ಮೇಲಿರುವ ಹಳೆಯ ಗೀರಿನ ಬಿಲ್ಲೆಯ ದಪ್ಪ ಅಳೆಯಲು ಏಣಿ ಹತ್ತಿದೆ. 25 ಇದೆ. ಗೀರು ಹೋಗಬೇಕಾದರೆ 120ರಿಂದ ಮತ್ತೆ ಶುರು ಮಾಡಬೇಕು, ಆದರೆ ಹನ್ನೊಂದು ಗಂಟೆಯ 80 ನಂಬರಿನ ಕೆಲಸ ಅದರಲ್ಲಿ ಆಗಲೇ ಆಗಿದೆ. ಅಂಗಡಿಗೆ ಫೋನ್ ಮಾಡಿ ಆರ್ಡರ್ ಬೇಡ ಅಂದೆ. ಕೆಳಗಿಳಿದು ರಬ್ಬರ್ ತೆಗೆದುಕೊಂಡು ಮೃಗಶಿರದ ಮೇಲಿನ 80 ಅಳಿಸಿದೆ. ಅಲ್ಲಿ ಈಗ "ತೊಳೆಯುವುದು" ಅಂತ ಇದೆ, ಮೂರು ದಿನ.

ಪ್ಲೈವುಡ್ ಬುಧವಾರ ಬರುತ್ತದೆ.