ಐದು ವರ್ಷ ಮಿಲಿಟರಿ ಬಂದರೆ ಸರಿ ಹೋಗುತ್ತಾ?

ಬೆಳಗಾವಿಯಲ್ಲಿ ಇತಿಹಾಸ ಪಾಠ ಮಾಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕ್ಯಾಂಪ್ ಕಡೆ ಚಹಾ ಕುಡಿಯುತ್ತಾ, ಮರಾಠಾ ಲೈಟ್ ಇನ್‌ಫೆಂಟ್ರಿಯ ಹುಡುಗರು ಸಾಲಾಗಿ ಓಡುವುದನ್ನು ನೋಡುತ್ತಾ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಸರ್, ದೇಶ ದಿವಾಳಿ ಆದಾಗ ಒಂದೈದು ವರ್ಷ ಮಿಲಿಟರಿ ಕೈಯಾಗ ಕೊಟ್ರ ಎಲ್ಲಾ ಸರಿ ಆಗೂದಿಲ್ಲೇನ್ರಿ?"

ಆ ಶಿಸ್ತು ನೋಡಿದರೆ ಯಾರಿಗಾದರೂ ಹಾಗನ್ನಿಸುತ್ತೆ ಬಿಡಿ. ನಾನು ಮಾತ್ರ ಬರ್ಮಾ ಕತೆ ತೆಗೆಯುತ್ತೇನೆ.

ಅಲ್ಲಿ 1962ರಿಂದ ಜನರಲ್ ನೆ ವಿನ್ ಹೇಳಿದ್ದೇ ನಡೆಯುತ್ತಿತ್ತು. 1987ರ ಸೆಪ್ಟೆಂಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ 25, 35, 75 ಕ್ಯಾಟ್‌ನ ನೋಟು ನಡೆಯಲ್ಲ ಅಂದರು. ಬದಲಿ ದುಡ್ಡೂ ಇಲ್ಲ. 2016ರಲ್ಲಿ ನಮ್ಮ ಅವ್ವ ಜೋಳದ ಡಬ್ಬಿಯ ತಳದಿಂದ ಐನೂರರ ನೋಟುಗಳನ್ನು ತೆಗೆದು, ಹಿಟ್ಟು ಒರೆಸಿ, ಬಾಯೊಳಗೇ ಬೈಯುತ್ತಾ ಬ್ಯಾಂಕಿನ ಮುಂದೆ ನಿಂತಿದ್ದಳು. ಅವಳಿಗೆ ಕೊನೆಗೆ ದುಡ್ಡಾದರೂ ಸಿಕ್ಕಿತು. ಬರ್ಮಾದ ಅವ್ವಂದಿರಿಗೆ ನಿಲ್ಲೋಕೆ ಸಾಲೇ ಇರಲಿಲ್ಲ. ಆಮೇಲೆ ಬಂದ ಹೊಸ ನೋಟು 45 ಮತ್ತು 90ರದ್ದು, ಯಾಕಂದ್ರೆ ಸಾಹೇಬರಿಗೆ ಒಂಬತ್ತು ಅದೃಷ್ಟದ ಸಂಖ್ಯೆ!

1988ರಲ್ಲಿ ಜನ ಬೀದಿಗಿಳಿದರು. ನೆ ವಿನ್ ಪಕ್ಷದ ಕುರ್ಚಿ ಬಿಟ್ಟರು, ಆದರೆ ಸೆಪ್ಟೆಂಬರ್ 18ರಂದು ಸೇನೆಯೇ ನೇರವಾಗಿ ಬಂದು ಕೂತಿತು. ಗುಂಡು ಹಾರಿಸಿ ಬೀದಿ ಖಾಲಿ ಮಾಡಿಸಿದರು. ಖಜಾನೆಯೂ ಖಾಲಿಯೇ, ಹೊರದೇಶದ ನೆರವು ನಿಂತಿತ್ತು. ಆಗ ಥಾಯ್ಲೆಂಡಿನ ಕಂಪನಿಗಳಿಗೆ ತೇಗದ ಮರ ಕಡಿಯಲು, ಸಮುದ್ರದಲ್ಲಿ ಮೀನು ಹಿಡಿಯಲು ಪರವಾನಗಿ ಮಾರಿದರು. ಡಾಲರ್ ಬಂತು, ಸೈನ್ಯ ದೊಡ್ಡದಾಯಿತು. 1990ರಲ್ಲಿ ಸೇನೆ ತನ್ನದೇ ಕಂಪನಿ ತೆರೆಯಿತು. ಬರಬರುತ್ತಾ ಅದರ ಕೈಗೆ ರತ್ನದ ಗಣಿ, ಬಿಯರ್, ಬ್ಯಾಂಕು ಎಲ್ಲಾ ಬಂತು. ನನ್ನ ಉತ್ತರ ಇಲ್ಲೇ ಇದೆ. ಅಂಗಡಿ ಕಾಯೋಕೆ ಅಂತ ಬಂದವನು ಗಲ್ಲಾಪೆಟ್ಟಿಗೆ ಮುಂದೆ ಕೂತುಬಿಟ್ಟರೆ, ಸುಮ್ನೆ ಎದ್ದು ಹೋಗುತ್ತಾನಾ? ಅದೇ ವರ್ಷ ಚುನಾವಣೆಯನ್ನೂ ಮಾಡಿದರು. ಆಂಗ್ ಸಾನ್ ಸೂಕಿ ಪಕ್ಷ 485ರಲ್ಲಿ 392 ಸೀಟು ಗೆದ್ದಿತು. ಅಧಿಕಾರ ಬಿಟ್ಟುಕೊಡಲಿಲ್ಲ.

"ಅದು ಬರ್ಮಾ ಬಿಡ್ರಿ" ಅನ್ನೋರೂ ಇದ್ದಾರೆ. ಸರಿ, ಪಾಕಿಸ್ತಾನ ನೋಡಿ. ಸಾಲ, ನಿರ್ಬಂಧ ಎರಡರಲ್ಲೂ ದೇಶ ಸಿಕ್ಕಿಕೊಂಡಿದ್ದಾಗ, 1999ರ ಅಕ್ಟೋಬರಿನಲ್ಲಿ ಮುಷರಫ್ ಬಂದರು. ಮೊದಲು ನ್ಯಾಯಾಧೀಶರಿಗೆ ಹೊಸದಾಗಿ ಪ್ರಮಾಣ ಮಾಡಿ ಅಂದರು, ಒಪ್ಪದವರು ಮನೆಗೆ. ಉಳಿದವರ ಸುಪ್ರೀಂ ಕೋರ್ಟ್ ಅವರಿಗೆ ಕೊಟ್ಟ ಗಡುವು ಮೂರು ವರ್ಷ. ಅದು ಮುಗಿಯೋ ಮೊದಲೇ, 2002ರ ಏಪ್ರಿಲ್‌ನಲ್ಲಿ, ಜನಮತ ತೆಗೆದುಕೊಂಡು ಅಧ್ಯಕ್ಷಗಿರಿಯನ್ನು ಇನ್ನೈದು ವರ್ಷಕ್ಕೆ ಎಳೆದರು. ಕುರ್ಚಿಯಿಂದ ಇಳಿದದ್ದು 2008ರ ಆಗಸ್ಟಿನಲ್ಲಿ.