ಕಾಳು ತೂಗುವ ಮೊದಲು ಹಕ್ಕಿಯ ತೂಕ ಕೇಳಬೇಕು

ಸಾಕುಹಕ್ಕಿಗಳ ಆಹಾರ ಮಾರುವ ಅಂಗಡಿಯಲ್ಲಿ ನನ್ನ ಕೆಲಸ. ಬಾದಾಮಿ, ಗೋಡಂಬಿ ಕೇಳಿಕೊಂಡು ಬಂದವರಿಗೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: "ಯಾವ ಹಕ್ಕಿ ಸಾರ್?"

ನಾವೆಲ್ಲ ಲವ್ ಬರ್ಡ್ಸ್ ಅಂತ ಕರೆಯುವ ಪುಟ್ಟ ಗಿಳಿ ಬಜ್ಜಿ ತೂಗುವುದು 30–40 ಗ್ರಾಂ. ಆಫ್ರಿಕನ್ ಗ್ರೇ ಅನ್ನುವ ದೊಡ್ಡ ಬೂದು ಗಿಳಿ 400 ಗ್ರಾಂ ದಾಟುತ್ತದೆ. ಒಂದು ಬಾದಾಮಿ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಅರ್ಧದಷ್ಟು ಕೊಬ್ಬು. ಬಜ್ಜಿಗೆ ಇಡೀ ಬಾದಾಮಿ ಕೊಟ್ಟರೆ, 60 ಕೆಜಿ ಮನುಷ್ಯ ಒಂದೇ ಸಲಕ್ಕೆ ಎರಡು ಕೆಜಿ ತಿಂದ ಹಾಗೆ. ಗ್ರೇಗೆ ಅರ್ಧ ಬಾದಾಮಿ ಅಥವಾ ಚೂರು ಅಕ್ರೋಟ್ ಕೊಡಬಹುದು. ಉಪ್ಪು ಹಾಕಿದ್ದು, ಹುರಿದು ಮಸಾಲೆ ಹಚ್ಚಿದ್ದು ಯಾವ ಹಕ್ಕಿಗೂ ಬೇಡ. "ಕಾಂಗ್ರೆಸ್ ಕಡಲೆಬೀಜ ಇಷ್ಟಪಟ್ಟು ತಿನ್ನುತ್ತೆ" ಅನ್ನುವವರಿದ್ದಾರೆ. ತಿನ್ನುತ್ತೆ ನಿಜ, ಆದರೆ ಅದಕ್ಕೆ ಒಳ್ಳೆಯದಲ್ಲ.

ನನಗೆ ತುಂಬಾ ಭಯ ಇರುವುದು ಕಡಲೆಕಾಯಿಯ ಮೇಲೆ. ಮಳೆಗಾಲದಲ್ಲಿ ಮೂಟೆಗೆ ತೇವ ಹತ್ತಿದರೆ ಬೂಷ್ಟು ಬರುತ್ತದೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ನೇರ ಹಕ್ಕಿಯ ಲಿವರ್‌ಗೆ ಪೆಟ್ಟು. ಹುರಿದರೂ ಪೂರ್ತಿ ಹೋಗುವುದಿಲ್ಲ. ಮೂಟೆ ಬಿಚ್ಚಿದ ತಕ್ಷಣ ತಳದಿಂದ ಒಂದು ಹಿಡಿ ತೆಗೆದು ಒಡೆದು ನೋಡುತ್ತೇನೆ. ಬೀಜ ಸುಕ್ಕುಗಟ್ಟಿ ಕಪ್ಪಾಗಿದ್ದರೆ, ಸಿಪ್ಪೆಯೊಳಗೆ ಹಸಿರು ಪುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ ಮೂಟೆ ವಾಪಸ್. ಆರಿಸಿ ಒಳ್ಳೆಯದನ್ನು ಮಾರೋಣ ಅನ್ನುವ ಮಾತೇ ಇಲ್ಲ, ಯಾಕೆಂದರೆ ವಿಷ ಕಣ್ಣಿಗೆ ಕಾಣುವುದಿಲ್ಲ. ನೀವೂ ಮನೆಯಲ್ಲಿ ಒಡೆದು ನೋಡಿಯೇ ಕೊಡಿ.

ಸೂರ್ಯಕಾಂತಿ ಬೀಜದ ಕಥೆ ಬೇರೆ. ಹಕ್ಕಿ ಅದನ್ನೇ ಹೆಕ್ಕಿ ತಿಂದು ಮಿಕ್ಕಿದ್ದನ್ನು ತಟ್ಟೆಯಲ್ಲೇ ಬಿಡುತ್ತದೆ. ಮಾಲೀಕರು ಪಾಪ, ಹಕ್ಕಿಗೆ ಅದೇ ಇಷ್ಟ ಅಂತ ಇನ್ನಷ್ಟು ಒಯ್ಯುತ್ತಾರೆ. ಅದರಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಕಡಿಮೆ.

ಚಾಕೊಲೇಟ್, ಕಾಫಿ, ಬಟರ್ ಫ್ರೂಟ್ ಚೂರೂ ಕೊಡಬೇಡಿ, ಜೀವಕ್ಕೇ ಅಪಾಯ.

ಬಜ್ಜಿಗೆ ಏನಾದರೂ ವಿಶೇಷ ಕೊಡಬೇಕು ಅನ್ನಿಸಿದರೆ ನವಣೆ ತೆನೆ ಕೇಳಿ. ಬೆರಳುದ್ದ ಮುರಿದು ಕಟ್ಟಿದರೆ ತಲೆಕೆಳಗಾಗಿ ಜೋತುಬಿದ್ದು ಒಂದೊಂದೇ ಕಾಳು ಸುಲಿಯುತ್ತದೆ. ಹೊಟ್ಟೆಗೂ ಆಯಿತು, ಆಟಕ್ಕೂ ಆಯಿತು, ಅಲ್ವಾ? ಜೊತೆಗೆ ದಿನಾ ನುಗ್ಗೆ ಸೊಪ್ಪನ್ನು ತೊಳೆದು ಕಂಬಿಗೆ ಸಿಕ್ಕಿಸಿ. ಮೊದಮೊದಲು ಮುಟ್ಟದಿದ್ದರೂ ಬಿಡಬೇಡಿ. ಬಾಡಿದ್ದನ್ನು ಸಂಜೆ ತೆಗೆದುಹಾಕಿ, ಬೆಳಿಗ್ಗೆ ಹೊಸದು ಕಟ್ಟಿ.